ಗಿರಾಕಿನ್ನ ಯಾರ ಪೈಕಿ ಅಂತ ಕೇಳಬ್ಯಾಡ್ರಿ

"ಅಕ್ಕಂದಿರೇ, ತಂಗಿಯರೇ, ನಮಸ್ಕಾರ. ನಾನು ಬೈಲಹೊಂಗಲದಿಂದ ರಂಜನಾ ಮಾತಾಡಾಕತ್ತೇನಿ. ಕೈಯಾಗ ಕಲಾ ಐತಿ, ಇನ್ನೊಬ್ಬರ ಕೈಕೆಳಗ ದುಡಿಯೂದು ಸಾಕು, ಸ್ವಂತ ಧಂದೆ ಮಾಡೂಣು ಅನ್ನಾವ್ರಿಗೆ ನನ್ನ ಅನುಭವದಿಂದ ನಾಕ ಪಾಠ ಹೇಳತೇನಿ. ಮೊದಲನೇ ಪಾಠ: ಮನಿಯೊಳಗ ಕುಂತು ಕೆಲಸ ಮಾಡಿದ್ರೂ ಅದನ್ನ ಆಫೀಸ ಅಂತ ತಿಳೀರಿ. ಹೊತ್ತಿಗೆ ಸರಿಯಾಗಿ ಕುಂದರ್ರಿ, ಹೊತ್ತಿಗೆ ಸರಿಯಾಗಿ ಏಳ್ರಿ. ಎರಡನೇ ಪಾಠ: ಅಡ್ವಾನ್ಸ್ ಕೈಗೆ ಬರೂಮಟಾ ಕಂಪ್ಯೂಟರ್ ಚಾಲೂ ಮಾಡಬ್ಯಾಡ್ರಿ. ಮೂರನೇ ಪಾಠ: ಎರಡ ಸಲ ತಿದ್ದಿ ಕೊಡ್ರಿ, ಮೂರನೇ ಸಲಕ್ಕ ಬ್ಯಾರೇ ಚಾರ್ಜ್ ಅಂತ ಹೇಳಿಬಿಡ್ರಿ. 'ಆಗೂದಿಲ್ಲ' ಅನ್ನೂದು ಕೆಟ್ಟ ಮಾತಲ್ಲ. ಅದನ್ನ ನಕ್ಕೋತ, ಗಟ್ಟಿಯಾಗಿ ಹೇಳಾಕ ಕಲೀರಿ. ನಾಕನೇ ಪಾಠ, ಎಲ್ಲಾಕ್ಕಿಂತ ದೊಡ್ಡದು: ಗಿರಾಕಿ ಅಂದ್ರ ಗಿರಾಕಿ, ಬೀಗರು ಅಂದ್ರ ಬೀಗರು. ಇಬ್ಬರನ್ನೂ ಒಂದ ಚಾಪಿ ಮ್ಯಾಲ ಕೂಡಸಬ್ಯಾಡ್ರಿ. ನಾನಂತೂ ಈ ವಿಷಯದಾಗ ಭಾಳ ಕಡಕ. ನಮ್ಮ ಮನಿಯೊಳಗ..."

ಇಂದ್ರವ್ವ: ರಂಜನಾ, ನಿಮ್ಮ ರಾಯಪ್ಪ ಕಾಕಾಗ ಇನ್ನೊಂದೀಟು ಚಾ ಹಾಕಲೇನು?

ರಂಜನಾ ಮೊಬೈಲನ್ನು ರಪ್ಪನೆ ಕೆಳಗಿಟ್ಟಳು. ಸ್ವಂತ ಉದ್ಯೋಗ ಶುರು ಮಾಡುವ ಹೆಣ್ಣುಮಕ್ಕಳಿಗೆ ನಾಲ್ಕು ಮಾತು ಹೇಳಿ ಕಳಿಸಿರಿ ಎಂದು ರಾಮದುರ್ಗದ ಮಹಿಳಾ ಸಂಘದವರು ಕೇಳಿದ್ದರು. ಬೆಳಗಿನಿಂದ ಅವಳು ಅದನ್ನೇ ರೆಕಾರ್ಡ್ ಮಾಡುತ್ತಿದ್ದಳು. ನಾಲ್ಕನೆಯ ಪಾಠಕ್ಕೆ ಬಂದಾಗಲೆಲ್ಲ ಮನೆಯಲ್ಲಿ ಯಾರಾದರೊಬ್ಬರು ಬಾಯಿ ತೆರೆಯುತ್ತಿದ್ದರು. ಈ ಸಲ ತೆರೆದವಳು ಅವಳ ಅತ್ತೆ ಇಂದ್ರವ್ವ. ಹೊಸ್ತಿಲ ಹತ್ತಿರ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ಕೈ ಜೋಳದಲ್ಲಿ, ಕಿವಿ ಸೊಸೆಯ ಪಾಠದಲ್ಲಿ. ಪಡಸಾಲೆಯ ನಡುವೆ ಚಾಪೆಯ ಮೇಲೆ ದೊಡವಾಡದ ರಾಯಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕೂತ ಬಗೆ ನೋಡಿದರೆ ಊಟದ ಹೊತ್ತಿನ ತನಕ ಏಳುವವನ ಹಾಗಿರಲಿಲ್ಲ.

ರಂಜನಾ: ಅತ್ತೀ, ರೆಕಾರ್ಡ್ ನಡದೈತಿ ಅಂತ ಎಷ್ಟ ಸಲ ಹೇಳ್ಲಿರಿ?

ಇಂದ್ರವ್ವ: ನಾ ಎಲ್ಲಿ ಮಾತಾಡಿದೆ? ಚಾ ಕೇಳಿದೆ ಅಷ್ಟ.

ರಾಯಪ್ಪ: ಹಾಕ್ರಿ ಅಕ್ಕಾರ, ಅರ್ಧಾ ಕಪ್. ರಂಜನಾ, ಭಾಳ ಚಲೋ ಹೇಳಿದಿ ನೋಡವಾ. ನನಗ ಆ ಮೂರನೇ ಪಾಠ ಮನಸಿಗೆ ಹತ್ತಿತು. ಜನಾ ಸುಮ್ಮನ ತಿದ್ದಿಸಿಕೋತ ಕುಂದರತಾರ. ಒಂದ ಮಿತಿ ಬ್ಯಾಡಾ? ಅಂದಂಗ, ನಮ್ಮ ಬ್ಯಾನರದಾಗ ಎಡಕಿನ ಮೂಲಿಗೆ ನಮ್ಮ ಸಣ್ಣ ಅಳಿಯನ ಫೋಟೋ ಕೂಡಸಬೇಕಾಗೇತಿ.

ರಂಜನಾ: ಕಾಕಾ, ಎಡಕಿನ ಮೂಲ್ಯಾಗ ನಿಮ್ಮ ಎತ್ತ ಐತ್ರಿ.

ರಾಯಪ್ಪ: ಈಟ ಸರಸು.

ರಂಜನಾ: ಎಲ್ಲಿಗೆ ಸರಸಲ್ರಿ? ಬಲಕ್ಕ ನಿಮ್ಮ ದೊಡ್ಡ ಅಳಿಯಾ ಅದಾರ. ಕೆಳಗ ನಿಮ್ಮ ಅಣ್ಣತಮ್ಮರು ಸಾಲ ಹಚ್ಚಿ ನಿಂತಾರ. ಮ್ಯಾಲ ನಿಮ್ಮ ಸೊಸೈಟಿ ಮಂದಿ. ನಡುವ ನೀವು.

ರಾಯಪ್ಪನ ಎತ್ತು ಸರ್ಜ್ಯಾ ಕಲ್ಲು ಎಳೆಯುವ ಶರ್ಯತ್ತಿನಲ್ಲಿ ಗೆದ್ದಿತ್ತು. ಗೆದ್ದ ಎತ್ತಿಗೆ ಊರ ಬಸ್‌ಸ್ಟ್ಯಾಂಡಿನ ಎದುರು ಅಭಿನಂದನೆಯ ಬ್ಯಾನರು ಕಟ್ಟಬೇಕು, ಬ್ಯಾನರಿನ ಕೆಳಗೆ ಶುಭ ಕೋರುವವರ ಮುಖಗಳನ್ನು ಕೂಡಿಸಬೇಕು. ರಂಜನಾ ಮೊದಲು ಮಾಡಿಕೊಟ್ಟಾಗ ಸರ್ಜ್ಯಾ ಬ್ಯಾನರಿನ ತುಂಬ ಎದೆಯುಬ್ಬಿಸಿ ನಿಂತಿತ್ತು. ರಾಯಪ್ಪ ಬಂದಾಗಲೆಲ್ಲ ಒಬ್ಬೊಬ್ಬ ನೆಂಟ ಹತ್ತಿಕೊಂಡ. ಈಗ ಎತ್ತಿನದು ಒಂದು ಕೋಡು, ಒಂದು ಕಣ್ಣು ಮಾತ್ರ ಉಳಿದಿತ್ತು. ಆ ಕಣ್ಣು ಕಿಕ್ಕಿರಿದ ಬಸ್ಸಿನ ಕಿಟಕಿಯಿಂದ ಇಣುಕುವವರ ಕಣ್ಣಿನಂತೆ ಕಾಣುತ್ತಿತ್ತು.

ರಾಯಪ್ಪ: ಎತ್ತ ಏನ್ ಬ್ಯಾಸರಾ ಮಾಡಿಕೊಳ್ಳೂದಿಲ್ಲ ತಂಗಿ. ಅಳಿಯಾ ಮಾಡಿಕೊಳ್ಳತಾನ.

ರಂಜನಾ: ಕಲ್ಲ ಜಗ್ಗಿದ್ದು ಅಳಿಯಾ ಏನ್ರಿ?

ರಾಯಪ್ಪ: ಅಂವಾ ಹಗ್ಗಾ ಹಿಡದಿದ್ದ.

'ಆಗೂದಿಲ್ಲ' ಎನ್ನುವ ಮಾತು ರಂಜನಾಳ ಗಂಟಲತನಕ ಬಂದದ್ದು ಇಂದ್ರವ್ವನಿಗೆ ಕಂಡಿತು. ಬಂದ ಮಾತು ಅಲ್ಲೇ ಹೊರಳಿ ಒಳಗೆ ಹೋಯಿತು.

ರಂಜನಾ: ನೋಡತೇನಿ ಕಾಕಾ. ಅತ್ತೀ, ಈಟ ಒಳಗ ಬರ್ರಿ.

ಅಡುಗೆಮನೆಯಲ್ಲಿ ರಂಜನಾ ದನಿ ಇಳಿಸಿದಳು. ದನಿ ಇಳಿದರೂ ಸಿಟ್ಟು ಇಳಿಯಲಿಲ್ಲ.

ರಂಜನಾ: ಇವರು ಮೊದಲನೇ ದಿನಾ ನಮ್ಮ ಮನಿಗೆ ಬಂದಾಗ ಯಾರಾಗಿದ್ರು?

ಇಂದ್ರವ್ವ: ಯಾರಾಗಿದ್ರು ಅಂದ್ರ? ರಾಯಪ್ಪ ಆಗಿದ್ರು.

ರಂಜನಾ: ಗಿರಾಕಿ ಆಗಿದ್ರು! ಬಾಗಲಾಗ ನಿಂತು "ಮೇಡಮ್ಮಾರ ಅದಾರೇನ್ರಿ" ಅಂದ್ರು. ಕಿಸೇಕ ಕೈ ಹಾಕಿ ಅಡ್ವಾನ್ಸ್ ತಗದ್ರು. ನಾ ಕೈ ಚಾಚೂದ್ರಾಗ ನೀವು ಏನ್ ಕೇಳಿದ್ರಿ?

ಇಂದ್ರವ್ವ: ಮನಿಗೆ ಬಂದಾವ್ರನ್ನ ಏನ್ ಕೇಳತಾರ? ಯಾರ ಪೈಕಿ ಅಂತ ಕೇಳಿದೆ.

ರಂಜನಾ: ಅಲ್ಲಿಗೆ ಮುಗೀತು. ಅವರ ಹೆಂಡತಿ ಅಕ್ಕನ್ನ ನಿಮ್ಮ ತವರಮನಿ ಊರಿಗೆ, ಮುರಗೋಡಕ್ಕ ಕೊಟ್ಟದ್ದು ಹೊಂಟಿತು.

ಇಂದ್ರವ್ವ: ನಮ್ಮ ಮಗ್ಗಲ ಮನಿಗೇ ಕೊಟ್ಟಾರ ಬೇ! ಗ್ವಾಡಿಗೆ ಗ್ವಾಡಿ ಹತ್ತೇತಿ.

ರಂಜನಾ: ಗಿರಾಕಿ ಹೋಗಿ ಕಾಕಾ ಆದ್ರು. ಅಡ್ವಾನ್ಸ್ ತಿರಗಿ ಕಿಸೇಕ ಹೋತು.

ಇಂದ್ರವ್ವ: ನಾನ ಇಟಗೋರಿ ಅಂದೆ. ಕಾಕಾನ ಕಡೆ ಇಸಗೊಂಡ್ರ ನಾಕ ಮಂದ್ಯಾಗ ಹೆಂಗ ಕಾಣತೈತಿ?

ರಂಜನಾ: ಅವರಕಿಂತ ಮೊದಲ ಗಿರಣಿ ಕಲ್ಮೇಶಣ್ಣ ಬಂದ. ಬೋರ್ಡ್ ಬೇಕು ಅಂದ. ಚಾ ಆರೂದ್ರಾಗ ನಿಮಗ ತಮ್ಮ ಆಗಿ ಕುಂತ. ನನಗ ಫೀಸ್ ಅಂತ ಏನ್ ಬಂತು?

ಇಂದ್ರವ್ವ: ಶೇಂಗಾ. ಚಲೋ ಶೇಂಗಾ ಅದು. ಒಂದೂ ಪೊಳ್ಳ ಇರಲಿಲ್ಲ.

ರಂಜನಾ: ಅದನ್ನ ಹುರದು ಬೆಲ್ಲಾ ಹಾಕಿ ನೀವು ಡಬ್ಬಿ ತುಂಬ ಉಂಡಿ ಕಟ್ಟಿ ಇಟ್ಟೀರಿ. ನಾ ಆ ಬೋರ್ಡಿಗೆ ಕಣ್ಣ ಕೆಂಪ ಮಾಡಿಕೊಂಡು ದುಡದದ್ದೆಲ್ಲಾ ಆ ಡಬ್ಬಿಯೊಳಗ ಐತಿ. ದಿನಾ ಒಬ್ಬರು ಬಂದು ನನ್ನ ಫೀಸ್ ತಿಂದು ಹೋಗತಾರ.

ಸೊಸೆಯ ಕಣ್ಣಂಚು ಒದ್ದೆಯಾಗಿತ್ತು.

ರಂಜನಾ: ಕೇಳ್ರಿ ಅತ್ತೀ. ನಾ ಮೊದಲ ದುಡೀತಿದ್ದ ಪ್ರೆಸ್ಸಿನ ಮಾಲಕರು ತಿರಗಿ ಕೆಲಸಕ್ಕ ಬಾ ಅಂತ ಕರ್ಯಾಕತ್ತಾರ. ಇವತ್ತ ಸಂಜೀಕ ಹೂಂ ಅಥವಾ ಉಹೂಂ ಅಂತ ಹೇಳಬೇಕು. ಈಗ ಸವದತ್ತಿಯಿಂದ ಒಬ್ಬಾಕಿ ಬರಾಕತ್ತಾಳ. ಸಾಯಿರಾ ಅಂತ ಹೆಸರು. ಹೊಲಿಗಿ ಅಂಗಡಿ ತಗ್ಯಾಕತ್ತಾಳ, ಬೋರ್ಡ್ ಬೇಕಂತ. ಆಕಿ ನನ್ನ ಪೈಕಿ ಅಲ್ಲ, ನಿಮ್ಮ ಪೈಕಿ ಅಲ್ಲ, ಈ ಓಣ್ಯಾಗ ಯಾರ ಪೈಕೀನೂ ಅಲ್ಲ. ಆಕಿ ಗಿರಾಕಿ ಆಗೇ ಬಂದು ಗಿರಾಕಿ ಆಗೇ ಹೋದ್ಲಂದ್ರ ನನ್ನ ಧಂದೆ ಉಳೀತು. ಇಲ್ಲಂದ್ರ ನಾಳೆ ಮುಂಜಾನೆ ನಾ ಬುತ್ತಿ ಕಟಗೊಂಡು ಪ್ರೆಸ್ಸಿಗೆ ಹೊಂಟೆ.

ಸೊಸೆ ಪ್ರೆಸ್ಸಿಗೆ ಹೋಗುತ್ತಿದ್ದ ದಿನಗಳು ಇಂದ್ರವ್ವನಿಗೆ ನೆನಪಿದ್ದವು. ಬಂದವಳು ಮಾತಿಲ್ಲದೆ ಉಂಡು ಮಲಗುತ್ತಿದ್ದಳು. ಅದೂ ಅಲ್ಲದೆ, ಸೊಸೆ ಪ್ರೆಸ್ಸಿಗೆ ಹೋದರೆ ಈ ಮನೆಗೆ ಗಿರಾಕಿಗಳು ಯಾಕೆ ಬರುತ್ತಾರೆ? ಯಾರೂ ಬರದಿದ್ದರೆ ಯಾರ ಪೈಕಿ ಎಂದು ಯಾರನ್ನು ಕೇಳುವುದು?

ಇಂದ್ರವ್ವ: ಆತು. ನಾ ಕೇಳೂದಿಲ್ಲ.

ರಂಜನಾ: ಏನೂ?

ಇಂದ್ರವ್ವ: ಯಾರ ಪೈಕಿ ಅಂತ ಕೇಳೂದಿಲ್ಲ. ಯಾ ಊರು ಅಂತರೆ ಕೇಳಲಿ?

ರಂಜನಾ: ಸವದತ್ತಿ ಅಂತ ಹೇಳಿದ್ನಲ್ರಿ.

ಇಂದ್ರವ್ವ: ಸವದತ್ತಿಯೊಳಗ ಎಲ್ಲಿ?

ರಂಜನಾ: ಅತ್ತೀ!

ಇಂದ್ರವ್ವ: ತವರಮನಿ? ಮಕ್ಕಳು?

ರಂಜನಾ: ಬೋರ್ಡಿಗೂ ಮಕ್ಕಳಿಗೂ ಏನ ಸಂಬಂಧ್ರಿ?

ಇಂದ್ರವ್ವ: ಮತ್ತ ಮನಿಗೆ ಬಂದಾಕಿ ಮುಂದ ನಾ ಏನ್ ಮಾತಾಡ್ಲಿ?

ರಂಜನಾ: ಜೋಳಾ ಹಸನ ಮಾಡ್ರಿ.

ಇಂದ್ರವ್ವ: ಚಾ?

ರಂಜನಾ: ಬ್ಯಾಡ್ರಿ.

ಇಂದ್ರವ್ವ: ನೀರು?

ರಂಜನಾ: ನೀರ ಕೊಡ್ರಿ. ಬೆಲ್ಲಾ ಕೊಡಬ್ಯಾಡ್ರಿ.

ಇಂದ್ರವ್ವ: ಬೆಲ್ಲಾ ಇಲ್ಲದ ಬರೇ ನೀರು? ಶಿವನೇ. ಆತು, ನಿನ್ನ ಧಂದೆ ಸಲುವಾಗಿ ಅದನ್ನೂ ಮಾಡತೇನಿ. ಆದ್ರ ಚಾಪಿ ಮ್ಯಾಲ ಕುಂತಾರಲ್ಲ ಕಾಕಾ, ಅವರು ಕೇಳಿದ್ರ?

ರಂಜನಾ: ಅವರನ್ನ ಕಳಸೂಣೇನ್ರಿ?

ಇಂದ್ರವ್ವ: ಸಣ್ಣ ಅಳಿಯಾ ಬ್ಯಾನರದಾಗ ಕುಂದ್ರೂಮಟಾ ಅವರು ಚಾಪಿ ಬಿಟ್ಟು ಏಳೂದಿಲ್ಲ. ಅವರ ಬಾಯಿ ನನಗ ಬಿಡು.

ಅವಳು ಶೇಂಗಾ ಉಂಡಿಯ ಡಬ್ಬಿಯನ್ನೇ ಕಂಕುಳಲ್ಲಿ ಹಿಡಿದು ಪಡಸಾಲೆಗೆ ಬಂದು, ಮೊರದ ಪಕ್ಕದಲ್ಲಿ ಇಟ್ಟುಕೊಂಡಳು.

ಸ್ವಲ್ಪ ಹೊತ್ತಿಗೆ ಆಟೋ ಬಂದು ನಿಂತಿತು. ಇಳಿದವಳು ಹೊಸ್ತಿಲು ದಾಟಲಿಲ್ಲ. ಮಾತಾಡುವ ಮುಂಚೆ ಓಢಣಿಯ ಸೆರಗನ್ನು ತುಟಿಗೆ ಒತ್ತಿಕೊಂಡು ಸಣ್ಣಗೆ ನಕ್ಕಳು. ಆ ನಗೆ ನೋಡಿದ್ದೇ ತಡ, ಮೊರದಲ್ಲಿ ಇಂದ್ರವ್ವನ ಕೈ ನಿಂತಿತು. ಈ ನಗೆಯನ್ನು ಎಲ್ಲೋ ನೋಡಿದ್ದೇನಲ್ಲ?

ಸಾಯಿರಾ: ರಂಜನಾ ಮೇಡಮ್ಮಾರ ಮನಿ ಇದ ಏನ್ರಿ?

ರಂಜನಾ: ಹೌದ್ರಿ. ಬರ್ರಿ, ಒಳಗ ಬರ್ರಿ.

ಸಾಯಿರಾ: ಬ್ಯಾಡ್ರಿ, ಇಲ್ಲೇ ಕಟ್ಟಿ ಮ್ಯಾಲ ಕುಂದರತೇನಿ. ಅಮ್ಮಾರ, ಚಾ ಮಾಡಬ್ಯಾಡ್ರಿ ಮತ್ತ.

ಇಂದ್ರವ್ವ: ಮಾಡೂದಿಲ್ಲವಾ.

ಹುಟ್ಟಿದಾಗಿನಿಂದ ಇಂದ್ರವ್ವ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ನೀರಿನ ಚೊಂಬು ಕೊಡುವಾಗ, ಬೆಲ್ಲವಿಲ್ಲದ ಕೈ ಅವಳಿಗೆ ಬೆತ್ತಲೆಯಾದಂತೆ ಅನಿಸಿತು.

ರಾಯಪ್ಪ: ಏನ್ ಅಕ್ಕಾರ, ಬಂದಾವ್ರಿಗೆ ಚಾ ಇಲ್ಲಂದ್ರ ಹೆಂಗ? ಯವ್ವಾ ತಂಗಿ, ನೀ ಯಾರ...

ಇಂದ್ರವ್ವ: ರಾಯಪ್ಪಾ, ಉಂಡಿ ತಗೋರಿ.

ಉಂಡೆ ದೊಡ್ಡದಿತ್ತು. ರಾಯಪ್ಪನ ಪ್ರಶ್ನೆ ಅದರ ಹಿಂದೆ ಸಿಕ್ಕಿಹಾಕಿಕೊಂಡಿತು.

ರಂಜನಾ: ಸವದತ್ತಿಯೊಳಗ ಬೋರ್ಡ್ ಮಾಡಾವ್ರು ಇಲ್ಲೇನ್ರಿ? ಇಲ್ಲೀಮಟಾ ಬಂದ್ರಿ?

ಸಾಯಿರಾ: ಅದಾರ್ರಿ. ನಮ್ಮ ಮಾಮಾನ ಮಗಾ ಮುಸ್ತಕೀಮ ಅದಾನ. ರಂಜಾನಕ್ಕಿಂತ ಮೊದಲ ಅಂವಗ ಹೇಳೀನಿ. ಆತೇನು ಅಂತ ಕೇಳಾಕ ಹೋದ್ರ ಮಾಮಿ ಬಿರ್ಯಾನಿ ಉಣಸತಾಳ. ಉಂಡ ಬಾಯಿಲೆ ಜಗಳಾ ಹೆಂಗ ತಗೀಲ್ರಿ? ಕಡೀಕ ಒಂದ ದಿನಾ ಮಾಡಿ ತೋರಿಸಿದ. ಹೊಲಿಗಿ ಮಶೀನ್ ಇರೂ ಜಾಗಾದಾಗ ಗಿಣಿ ಬರದಿದ್ದ.

ರಂಜನಾ: ಗಿಣಿ ಯಾಕ್ರಿ?

ಸಾಯಿರಾ: ಅಂವಗ ಗಿಣಿ ಚಲೋ ಬರತೈತ್ರಿ.

ರಂಜನಾ: ನೀವು ಏನಂದ್ರಿ?

ಸಾಯಿರಾ: ಭಾಳ ಚಂದ ಆಗೇತಿ ಅಂದೆ. ಏನ್ ಮಾಡ್ಲಿ? ನನ್ನ ಲಗ್ನದಾಗ ಇಡೀ ದಿನಾ ನೀರ ಹೊತ್ತಾನ ಅಂವಾ. ಅವತ್ತ ನಿರ್ಧಾರ ಮಾಡಿದ್ನಿರಿ. ಬಸ್ ಹತ್ತಿ ಹೋಗಿ, ಗುರ್ತಾ ಪರಿಚಯ ಇಲ್ಲದಾವ್ರ ಕಡೆ ಮಾಡಸಬೇಕು. ಚಂದಿಲ್ಲ ಅಂದ್ರ ಚಂದಿಲ್ಲ ಅನ್ನಾಕ ನನಗ ಬಾಯಿ ಬರಬೇಕು.

ರಂಜನಾ ಕಟ್ಟೆಯ ಮೇಲೆ ಅವಳ ಎದುರು ಕೂತಳು. ಎಷ್ಟೋ ದಿನದ ಮೇಲೆ ಒಡಹುಟ್ಟಿದವಳು ಸಿಕ್ಕಂತೆ ಅವಳ ಮುಖ ಅರಳಿತು. ಕೂಡಲೇ ನಾಲ್ಕನೆಯ ಪಾಠ ನೆನಪಾಗಿ ಮುಖವನ್ನು ಬಿಗಿಮಾಡಿಕೊಂಡಳು.

ರಂಜನಾ: ಅಂಗಡಿ ಹೆಸರೇನ್ರಿ?

ಸಾಯಿರಾ: ಜುಬೇದಾ ಲೇಡೀಸ್ ಟೇಲರ್. ನಮ್ಮಜ್ಜಿ ಹೆಸರು. ಉಗರಗೋಳದಾಗ ಇರತಿದ್ಲು.

ಇಂದ್ರವ್ವನ ಮೊರ ವಾಲಿತು. ಹಸನು ಮಾಡಿದ ಜೋಳವೆಲ್ಲ ಸುರ್ರೆಂದು ನೆಲಕ್ಕೆ ಹರಿಯಿತು.

ಜುಬೇದಾಬಿ! ಉಗರಗೋಳದ ಬಳೆಗಾರ ಟಿಪ್ಪುಸಾಬನ ಹೆಂಡತಿ. ಹೆಗಲಿಗೆ ಬಳೆಯ ಮಲಾರ ಹೊತ್ತು ಟಿಪ್ಪುಸಾಬ ಮುರಗೋಡಕ್ಕೆ ಬಂದರೆ ಮೊದಲು ಇಂದ್ರವ್ವನ ತವರುಮನೆಯ ಕಟ್ಟೆಗೇ ಇಳಿಸುತ್ತಿದ್ದ. ಅವಳ ಮದುವೆಗೆ ಹಸಿರು ಬಳೆ ಇಟ್ಟವನು ಅವನೇ. "ಅಳಬ್ಯಾಡ ತಂಗಿ, ಕೈ ಮೆತ್ತಗ ಬಿಡು" ಎಂದಿದ್ದ. ಜುಬೇದಾಬಿ ಹಬ್ಬಕ್ಕೆ ಮುಚ್ಚಳದ ಪಾತ್ರೆಯಲ್ಲಿ ಶಾವಿಗೆಯ ಸುರಕುಂಬಾ ಕಳಿಸುತ್ತಿದ್ದಳು. ಮಾತಿಗೆ ಮುಂಚೆ ಸೆರಗಿನಿಂದ ತುಟಿ ಒತ್ತಿ ನಗುತ್ತಿದ್ದವಳು ಅವಳೇ. ಆ ಲೆಕ್ಕದಲ್ಲಿ ಈ ಹುಡುಗಿ ಇಂದ್ರವ್ವನಿಗೆ ಮೊಮ್ಮಗಳು.

ರಂಜನಾ: ಅತ್ತೀ, ಏನಾತ್ರಿ?

ಇಂದ್ರವ್ವ: ಏನಿಲ್ಲ. ಜೋಳಾ.

ಸಾಯಿರಾ: ಮೇಡಮ್ಮಾರ, ಕೆಲಸಾ ಹಚ್ಚೂಕಿಂತ ಮೊದಲ ಒಂದ ಮಾತು. ನಿಮಗ ನಮ್ಮ ಕಡೆ ಯಾರರೆ ಗುರ್ತಿನಾವ್ರು, ಪೈಕಿನಾವ್ರು ಅದಾರೇನ್ರಿ? ಇದ್ರ ಈಗ ಹೇಳಿಬಿಡ್ರಿ. ನಾ ಸಿಟ್ಟಾಗೂದಿಲ್ಲ. ಮುಂದಿನ ಬಸ್ಸಿಗೆ ರಾಮದುರ್ಗಕ್ಕ ಹೋಗತೇನಿ.

ರಂಜನಾ: ಇಲ್ರಿ. ನನಗ ಒಬ್ಬರೂ ಇಲ್ಲ.

ಸಾಯಿರಾ: ಅಮ್ಮಾರ, ನಿಮಗ? ನಿಮ್ಮ ತವರ ಎಲ್ಲೀದ್ರಿ?

ಇಷ್ಟು ವರ್ಷ ಇಂದ್ರವ್ವ ಈ ಹೊಸ್ತಿಲಲ್ಲಿ ಕೂತು ಊರ ಮಂದಿಯನ್ನೆಲ್ಲ ಕೇಳಿದ ಪ್ರಶ್ನೆಯನ್ನು ಇವತ್ತು ಒಬ್ಬಳು ತಾನಾಗಿಯೇ ಅವಳನ್ನು ಕೇಳಿದ್ದಳು. ಉತ್ತರ ನಾಲಿಗೆಯ ತುದಿಯಲ್ಲಿ ಸಿಹಿಯಾಗಿ ಕರಗುತ್ತಿತ್ತು. ಒಂದೇ ಒಂದು ಊರ ಹೆಸರು. ಹೇಳಿದರೆ ಮೊಮ್ಮಗಳು ಸಿಗುತ್ತಾಳೆ, ಗಿರಾಕಿ ಹೋಗುತ್ತಾಳೆ.

ಇಂದ್ರವ್ವ: ಈ ಜೋಳದಾಗ ಹರಳ ಭಾಳ ಅದಾವವಾ. ಈ ಸಲದ ಮಾಲ ಚಲೋ ಬಂದಿಲ್ಲ.

ಸಾಯಿರಾ: ತವರು ಕೇಳಿದ್ನಿರಿ.

ರಾಯಪ್ಪ: ಅಕ್ಕಾರಿಗೆ ಕಿವಿ ಮಂದ ಆಗೇತಿ ಕಾಣತೈತಿ. ಅವರ ತವರು ಮುರ...

ಇಂದ್ರವ್ವ: ರಾಯಪ್ಪಾ, ಇನ್ನೊಂದ ಉಂಡಿ!

ಈ ಸಲ ಉಂಡೆಯನ್ನು ಕೈಗೆ ಕೊಡಲಿಲ್ಲ, ನೇರವಾಗಿ ಬಾಯಿಗೇ ಕೊಟ್ಟಳು. ರಾಯಪ್ಪನ ಕಣ್ಣು ಬ್ಯಾನರಿನ ಎತ್ತಿನ ಕಣ್ಣಿನಂತಾಯಿತು.

ಇಂದ್ರವ್ವ: ನಮಗ ಯಾರೂ ಗುರ್ತಿನಾವ್ರು ಇಲ್ಲ ತಂಗಿ. ನಾವು ಮಂದಿಯೊಳಗ ಬೆರಿಯೂದು ಕಡಿಮಿ.

ಇದನ್ನು ಕೇಳಿ ರಂಜನಾಳಿಗೇ 'ಖೊಕ್' ಎಂದು ಕೆಮ್ಮು ಬಂತು.

ಆಮೇಲೆ ಕೆಲಸ ಓಡಿತು. ರಂಜನಾ ಲ್ಯಾಪ್‌ಟಾಪಿನಲ್ಲಿ ಅಕ್ಷರ ಕೂಡಿಸಿ ತೋರಿಸಿದಳು.

ಸಾಯಿರಾ: ಈ ಬಣ್ಣಾ ನನಗ ಸೇರಲಿಲ್ರಿ. ಔಷಧ ಅಂಗಡಿ ಕಂಡಂಗ ಕಾಣತೈತಿ.

ರಂಜನಾ: ಇನ್ನೊಮ್ಮೆ ಹೇಳ್ರಿ?

ಸಾಯಿರಾ: ಚಂದಿಲ್ಲ ಅಂದ್ನಿರಿ.

ರಂಜನಾ: ಇಷ್ಟ ದಿನದಾಗ ನನ್ನ ಕೆಲಸಾ ಚಂದಿಲ್ಲ ಅಂತ ಮಾರಿ ಮ್ಯಾಲ ಹೇಳಿದಾಕಿ ನೀವ ಮೊದಲನೇದಾವ್ರು. ಎಲ್ಲಾರೂ ಚಲೋ ಐತಿ ಅಂತಾರ, ಮತ್ತ ತಿದ್ದಸತಾರ. ಬದಲ ಮಾಡತೇನಿ. ಆದ್ರ ನೋಡ್ರಿ, ಎರಡ ಸಲ ತಿದ್ದಿ ಕೊಡತೇನಿ. ಮೂರನೇ ಸಲಕ್ಕ... ಬ್ಯಾರೇ... ಚಾರ್ಜ್ ಆಗತೈತಿ.

ತಡವರಿಸಿದರೂ ಮಾತು ಹೊರಗೆ ಬಂತು.

ಸಾಯಿರಾ: ಹಂಗ ಇರಬೇಕ್ರಿ. ಈಗ ಅಡ್ವಾನ್ಸ್ ಹಿಡೀರಿ.

ರಂಜನಾ ಕೈ ಚಾಚಿದಳು. ಈ ಸಲ ನಡುವೆ ಯಾರೂ ಬಾಯಿ ಹಾಕಲಿಲ್ಲ. ಆಟೋ ಹೋಗುವ ತನಕ ಇಂದ್ರವ್ವ ತಲೆ ಎತ್ತದೆ ಚೆಲ್ಲಿದ ಜೋಳ ಬಳಿಯುತ್ತಿದ್ದಳು.

ರಾಯಪ್ಪ ಎರಡನೆಯ ಉಂಡೆಯನ್ನು ಕಷ್ಟಪಟ್ಟು ನುಂಗಿ ಮುಗಿಸಿದ.

ರಾಯಪ್ಪ: ಏನ ರಂಜನಾ, ಆಕಿ ಬಂದ್ಲು, ಕುಂತ್ಲು, ಕೆಲಸಾ ಮುಗಿಸಿ ಹೋದ್ಲು. ನನ್ನ ಎತ್ತ ಗೆದ್ದು ಮುಂದಿನ ಶರ್ಯತ್ತು ಬರಾಕ ಬಂತು, ನಂದು ಇನ್ನೂ ಇಲ್ಲೇ ಐತಿ. ಹಿಂಗ್ಯಾಕ?

ಇಂದ್ರವ್ವ: ಆಕಿ ಹೊರಗಿನಾಕಿ, ರಾಯಪ್ಪಾ. ನೀವು ನಮ್ಮವ್ರು.

ರಾಯಪ್ಪ: ಹಂಗಿದ್ರ ನನ್ನೂ ಹೊರಗಿನಾಂವ ಮಾಡಿಬಿಡ್ರಿ ಅಕ್ಕಾರ.

ಇಂದ್ರವ್ವ: ಚಾಪಿ ಬಿಟ್ಟ ಏಳತೀರೇನು?

ರಾಯಪ್ಪ ಎದ್ದ. ಟೊಪ್ಪಿಗೆ ಸರಿಮಾಡಿಕೊಂಡು ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿ, ಹೊರಗಿನಿಂದ ಬಾಗಿಲ ಚಿಲಕ ಬಡಿದ.

ರಾಯಪ್ಪ: ಮೇಡಮ್ಮಾರ ಅದಾರೇನ್ರಿ? ನಾ ದೊಡವಾಡದಿಂದ ಬಂದೇನಿ. ನನಗ ಒಂದ ಎತ್ತಿನ ಬ್ಯಾನರ ಬೇಕಾಗೇತಿ.

ರಂಜನಾ: ಆಗಲ್ರಿ. ಬ್ಯಾನರದಾಗ ಏನೇನ ಇರಬೇಕ್ರಿ?

ರಾಯಪ್ಪ: ಎತ್ತ ಅಷ್ಟ.

ರಂಜನಾ: ಅಳಿಯಂದಿರು?

ರಾಯಪ್ಪ: ಹೊರಗಿನಾಂವನ ಅಳಿಯಂದಿರು ನಿಮಗ ಹೆಂಗ ಗೊತ್ತ್ರಿ? ಕೇಳಿದ್ರ ಅವರಿಗೆ ನಾ ಹೇಳಕೋತೇನಿ, ಬೈಲಹೊಂಗಲದ ಮೇಡಮ್ಮಾರು ಭಾಳ ಕಡಕ ಅದಾರ, ನಾನರೆ ಏನ್ ಮಾಡ್ಲಿ ಅಂತ. ಹಿಡೀರಿ ಅಡ್ವಾನ್ಸ್. ಅಕ್ಕಾರ, ನೀವು ನಡುವ ಏನೂ ಕೇಳಬ್ಯಾಡ್ರಿ ಮತ್ತ!

ಇಂದ್ರವ್ವ: ನಾ ಯಾಕ ಕೇಳ್ಲಿ? ನೀವು ಯಾರೋ, ನಾ ಯಾರೋ.

ಹೊತ್ತು ಇಳಿಯುವ ಮುಂಚೆಯೇ ರಂಜನಾ ಪ್ರೆಸ್ಸಿನ ಮಾಲೀಕರಿಗೆ ಫೋನ್ ಹಚ್ಚಿದಳು. "ಆಗೂದಿಲ್ರಿ" ಎಂದಳು. ನಗುತ್ತ, ಗಟ್ಟಿಯಾಗಿಯೇ ಹೇಳಿದಳು. ಒಳಗೆ ಬಂದಾಗ ಇಂದ್ರವ್ವ ಒಲೆಯ ಮುಂದೆ ಕೂತು ಜೋಳದ ಹಿಟ್ಟು ನಾದುತ್ತಿದ್ದಳು. ರಂಜನಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

ರಂಜನಾ: ಅತ್ತೀ, ಆಕಿ ಜುಬೇದಾ ಅಂದ ಕೂಡಲೇ ನೀವು ಜೋಳಾ ಚೆಲ್ಲಿದ್ರಿ.

ಇಂದ್ರವ್ವ: ಕೈ ಸೋತಿತ್ತು.

ರಂಜನಾ: ಸುಳ್ಳ ಹೇಳಬ್ಯಾಡ್ರಿ. ಆಕಿ ಯಾರ ಪೈಕಿ?

ಇಂದ್ರವ್ವ: ಗಿರಾಕಿ ವಿಷಯದಾಗ ಹಂಗೆಲ್ಲಾ ಕೇಳಬಾರದಂತ.

ರಂಜನಾ: ಒಂದ ಮಾತ ಹೇಳ್ರಿ.

ಇಂದ್ರವ್ವ: ಆಗೂದಿಲ್ಲ. ನೋಡು, ನಕ್ಕೋತ ಹೇಳಾಕತ್ತೇನಿ.

ರಂಜನಾ: ಮತ್ತ ಯಾವಾಗ ಹೇಳತೀರಿ?

ಇಂದ್ರವ್ವ: ಆಕಿ ಅಂಗಡಿಗೆ ಬೋರ್ಡ್ ಏರಲಿ. ಮರುದಿನಾನ ನಾ ಸವದತ್ತಿ ಬಸ್ ಹತ್ತಿ ಹೋಗಿ ಆಕಿ ಕಡೆ ಒಂದ ಜಂಪರ್ ಹೊಲಸಾಕ ಹಾಕತೇನಿ.

ರಂಜನಾ: ಹೋಗಿ ಕೇಳತೀರೇನು?

ಇಂದ್ರವ್ವ: ನಾ ಕೇಳೂದಿಲ್ಲ. ಆದ್ರ ಅಲ್ಲಿ ಗಿರಾಕಿ ನಾ. ಗಿರಾಕಿ ತಾನಾಗೇ ಹೇಳಬಾರದು ಅಂತ ನಿನ್ನ ನಾಕೂ ಪಾಠದಾಗ ಎಲ್ಲೂ ಇಲ್ಲ.

ಅವಳು ಹಿಟ್ಟಿನ ಉಂಡೆಯನ್ನು ಕಟ್ಟಿಗೆಯ ಕೊಣಮಿಗೆಯಲ್ಲಿಟ್ಟು ಪಟಪಟ ಬಡಿಯತೊಡಗಿದಳು. ರೊಟ್ಟಿ ಅಗಲವಾಗುತ್ತ ಹೋಯಿತು. ಎತ್ತಿ ಹಂಚಿಗೆ ಹಾಕಿ, ನೀರಿನ ಅರಿವೆಯಿಂದ ಒಮ್ಮೆ ಸವರಿ, ಮುಂದಿನ ಉಂಡೆಗೆ ಕೈಹಾಕಿದಳು.